ಫ್ಲಾಟ್-ಫೈಲ್ ಸೈಟಿನಲ್ಲಿ ಪುಟಗಳನ್ನು ಯಾವ ಫೋಲ್ಡರ್‌ನಲ್ಲಿ ಇಡಬೇಕು?

ಪ್ರಶ್ನೆ: ಗ್ರಾವ್ ಎಂಬ ಫ್ಲಾಟ್-ಫೈಲ್ (ಡೇಟಾಬೇಸ್ ಇಲ್ಲದೆ ಬರಹವನ್ನು ಫೈಲುಗಳಲ್ಲೇ ಇಡುವ) ತಂತ್ರಾಂಶ ಬಳಸಿ ಸೈಕಲ್ ದುರಸ್ತಿ ಬಗ್ಗೆ ಒಂದು ಸೈಟ್ ನಡೆಸುತ್ತಿದ್ದೇನೆ. ಶುರುವಿನಲ್ಲಿ ಹತ್ತು ಪುಟ ಇದ್ದವು, ಈಗ ನೂರು ದಾಟಿವೆ. ಎಲ್ಲವೂ ಒಂದೇ ಫೋಲ್ಡರ್‌ನಲ್ಲಿ ಬಿದ್ದಿವೆ. ಇವನ್ನು ವಿಷಯದ ಪ್ರಕಾರ ವಿಂಗಡಿಸಲಾ, ವರ್ಷದ ಪ್ರಕಾರವಾ? ಚಿತ್ರಗಳನ್ನೆಲ್ಲ ಒಂದೇ ಕಡೆ ಇಡುವುದು ಒಳ್ಳೆಯದಾ?

ಉತ್ತರ: ವಿಷಯದ ಪ್ರಕಾರ ಫೋಲ್ಡರ್ ಮಾಡಬೇಡಿ. ಲೇಖನಗಳೆಲ್ಲ ಒಂದೇ ಫೋಲ್ಡರ್‌ನ ಕೆಳಗೆ ಇರಲಿ. ನೂರಿನ್ನೂರು ಪುಟಕ್ಕೆ ಅದರಿಂದ ಏನೂ ತೊಂದರೆ ಇಲ್ಲ. ತೀರಾ ಜಾಸ್ತಿ ಆದಾಗ ವರ್ಷದ ಪ್ರಕಾರ ವಿಂಗಡಿಸಿ. ಪುಟದ ಚಿತ್ರ ಆ ಪುಟದ ಜೊತೆಗೇ ಇರಲಿ.

ಯಾಕೆ ಹೀಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವರ್ಡ್‌ಪ್ರೆಸ್‌ನಲ್ಲಿ ಬರಹ ಡೇಟಾಬೇಸ್‌ನಲ್ಲಿ ಇರುತ್ತದೆ. ಅದನ್ನು ಎಲ್ಲಿ ಇಟ್ಟಿದೆ ಅನ್ನುವುದಕ್ಕೂ ಓದುಗರು ನೋಡುವ ವಿಳಾಸಕ್ಕೂ ಸಂಬಂಧ ಇಲ್ಲ. ಫ್ಲಾಟ್-ಫೈಲ್ ವ್ಯವಸ್ಥೆಯಲ್ಲಿ ಹಾಗಲ್ಲ. ಫೋಲ್ಡರ್‌ನ ಹೆಸರೇ ವಿಳಾಸ. ಗ್ರಾವ್‌ನಲ್ಲಿ ‘ಯೂಸರ್’ ಒಳಗಿನ ‘ಪೇಜಸ್’ ಫೋಲ್ಡರ್‌ನಲ್ಲಿ ‘02.ಲೇಖನಗಳು’ ಅಂತ ಒಂದು ಫೋಲ್ಡರ್ ಇದೆ, ಅದರೊಳಗೆ ‘ಚೈನ್-ಬದಲಿಸುವುದು’ ಅಂತ ಇನ್ನೊಂದು ಇದೆ ಅನ್ನಿ. ಆಗ ವಿಳಾಸ ‘/ಲೇಖನಗಳು/ಚೈನ್-ಬದಲಿಸುವುದು’ ಆಗುತ್ತದೆ. ಫೋಲ್ಡರ್ ಸರಿಸಿದಿರೋ, ವಿಳಾಸವೂ ಸರಿಯಿತು. ಯಾರೋ ಉಳಿಸಿಕೊಂಡಿದ್ದ ಲಿಂಕ್, ಹುಡುಕಾಟದಲ್ಲಿ ಸಿಗುತ್ತಿದ್ದ ಲಿಂಕ್ ಎಲ್ಲಕ್ಕೂ 404 (ಪುಟ ಸಿಗಲಿಲ್ಲ) ಬರುತ್ತದೆ.

ಈಗ ವಿಷಯದ ಫೋಲ್ಡರ್‌ಗೆ ಬನ್ನಿ. ಚೈನ್ ಬದಲಿಸುವ ಲೇಖನ ‘ದುರಸ್ತಿ’ಗೆ ಸೇರುತ್ತದಾ, ‘ಬಿಡಿಭಾಗಗಳು’ ಅನ್ನುವುದಕ್ಕಾ? ಎರಡಕ್ಕೂ ಸೇರುತ್ತದೆ. ಆದರೆ ಫೋಲ್ಡರ್ ಒಂದೇ ಕಡೆ ಇರಬೇಕಲ್ಲ. ಇವತ್ತು ‘ದುರಸ್ತಿ’ಯಲ್ಲಿ ಇಡುತ್ತೀರಿ. ಮುಂದಿನ ವರ್ಷ ಗೇರ್ ಬಗ್ಗೆಯೇ ಹತ್ತು ಲೇಖನ ಆದಾಗ ‘ಗೇರ್ ಮತ್ತು ಚೈನ್’ ಅಂತ ಬೇರೆ ವಿಭಾಗ ಬೇಕು ಅನ್ನಿಸುತ್ತದೆ, ಮತ್ತೆ ಸರಿಸುತ್ತೀರಿ. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಇದನ್ನು ಬರೆದಿದ್ದರು. ಲೇಖಕರ ಹೆಸರು, ವಿಷಯ, ‘ಕರಡು’ ‘ಹೊಸದು’ ಎಂಬಂಥ ಸ್ಥಿತಿ ಇವೆಲ್ಲ ಮುಂದೆ ಬದಲಾಗುತ್ತವೆ, ಅವನ್ನು ವಿಳಾಸದಲ್ಲಿ ಇಡಬಾರದು ಅನ್ನುವುದು ಅವರ ಮಾತು. ಪುಟ ಹುಟ್ಟಿದ ತಾರೀಕು ಮಾತ್ರ ಬದಲಾಗುವುದಿಲ್ಲ. ಅದಕ್ಕೇ ವರ್ಷದ ಫೋಲ್ಡರ್ ಪರವಾಗಿಲ್ಲ ಅಂದಿದ್ದು.

ಹಾಗಾದರೆ ವಿಷಯ ಎಲ್ಲಿ ಬರೆಯಬೇಕು? ಪುಟದ ತಲೆಯಲ್ಲಿ. ಪುಟದ ಬರಹ ಇರುವ ಮಾರ್ಕ್‌ಡೌನ್ ಫೈಲಿನ ಮೇಲ್ಭಾಗದಲ್ಲಿ ಮೂರು ಅಡ್ಡಗೆರೆಗಳ ಎರಡು ಸಾಲಿನ ನಡುವೆ ಬರುವ ಫ್ರಂಟ್ ಮ್ಯಾಟರ್ ಇದೆಯಲ್ಲ, ಅಲ್ಲಿ ‘ಟ್ಯಾಕ್ಸಾನಮಿ’ (ವಿಂಗಡಣೆ) ಕೆಳಗೆ ಕ್ಯಾಟಗರಿ, ಟ್ಯಾಗ್ ಬರೆಯಿರಿ. ಒಂದೇ ಲೇಖನಕ್ಕೆ ‘ದುರಸ್ತಿ’ ಮತ್ತು ‘ಬಿಡಿಭಾಗಗಳು’ ಎರಡನ್ನೂ ಕೊಡಬಹುದು. ನಾಳೆ ವಿಭಾಗದ ಹೆಸರು ಬದಲಿಸಿದರೂ ಲೇಖನದ ವಿಳಾಸ ಹಾಗೇ ಇರುತ್ತದೆ. ಕರಡು, ಪ್ರಕಟಿತ ಅನ್ನುವ ಸ್ಥಿತಿಯೂ ಇಲ್ಲೇ ಇರಲಿ. ಗ್ರಾವ್‌ನಲ್ಲಿ ‘ಪಬ್ಲಿಶ್ಡ್: ಫಾಲ್ಸ್’ ಅಂತ ಒಂದು ಸಾಲು ಸಾಕು.

ಫ್ರಂಟ್ ಮ್ಯಾಟರ್ ಬರೆಯುವಾಗ ಹುಷಾರಾಗಿರಿ. ಅದು ಯಾಮೆಲ್ ಭಾಷೆ, ಅದರಲ್ಲಿ ಸಾಲನ್ನು ಒಳಕ್ಕೆ ಸರಿಸಲು ಟ್ಯಾಬ್ ನಡೆಯುವುದಿಲ್ಲ, ಸ್ಪೇಸ್ ಮಾತ್ರ. ಶೀರ್ಷಿಕೆಯಲ್ಲಿ ಕೋಲನ್ ಇದ್ದರೆ ಇಡೀ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ‘ಚೈನ್: ಯಾವಾಗ ಬದಲಿಸಬೇಕು’ ಅಂತ ಸುಮ್ನೆ ಬರೆದರೆ ‘ಟೈಟಲ್:’ ನಂತರದ ಈ ಎರಡನೇ ಕೋಲನ್ ನೋಡಿ ಯಾಮೆಲ್ ತಪ್ಪು ಅನ್ನುತ್ತದೆ. ತಾರೀಕನ್ನು 2025-04-03 ಅಂತ ವರ್ಷ ಮೊದಲು ಬರುವ ಹಾಗೆ ಬರೆಯಿರಿ. ಗ್ರಾವ್ ಓಡುವುದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ. ಅದು 03-04-2025 ಅನ್ನುವುದನ್ನು ಏಪ್ರಿಲ್ 3 ಅಂತ ಓದುತ್ತದೆ, 03/04/2025 ಅನ್ನುವುದನ್ನು ಮಾರ್ಚ್ 4 ಅಂತ ಓದುತ್ತದೆ.

ವರ್ಷದ ಫೋಲ್ಡರ್ ಮಾಡಿದರೆ ಒಂದು ಕಡೆ ಎಡವುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಲೇಖನಗಳ ಪಟ್ಟಿ ತೋರಿಸುವ ಪುಟದಲ್ಲಿ ‘ಸೆಲ್ಫ್.ಚಿಲ್ಡ್ರನ್’ ಅಂತ ಇದ್ದರೆ ಅದು ನೇರ ಕೆಳಗಿನ ಫೋಲ್ಡರ್‌ಗಳನ್ನು ಮಾತ್ರ ನೋಡುತ್ತದೆ. 2025ರ ಒಳಗೆ ಹೋದ ಲೇಖನಗಳು ಪಟ್ಟಿಯಿಂದ ಮಾಯ! ಅದನ್ನು ‘ಸೆಲ್ಫ್.ಡಿಸೆಂಡೆಂಟ್ಸ್’ ಅಂತ ಬದಲಿಸಿ.

ಫೋಲ್ಡರ್ ಹೆಸರಿನ ಮುಂದಿನ 01, 02 ಇರುವುದು ಕ್ರಮಕ್ಕಾಗಿ. ವಿಳಾಸದಲ್ಲಿ ಅವು ಬರುವುದಿಲ್ಲ, ಹಾಗಾಗಿ ಅವನ್ನು ಧೈರ್ಯವಾಗಿ ಬದಲಿಸಬಹುದು. ಗ್ರಾವ್‌ನಲ್ಲಿ ಸಂಖ್ಯೆ ಇದ್ದ ಪುಟ ಮೆನುವಿನಲ್ಲಿ ಕಾಣುತ್ತದೆ, ಸಂಖ್ಯೆ ಇಲ್ಲದ್ದು ಕಾಣುವುದಿಲ್ಲ, ಆದರೆ ವಿಳಾಸ ಕೊಟ್ಟರೆ ತೆರೆಯುತ್ತದೆ. ಕಿರ್ಬಿ ಎಂಬ ಇನ್ನೊಂದು ಫ್ಲಾಟ್-ಫೈಲ್ ತಂತ್ರಾಂಶದಲ್ಲೂ ಹೆಚ್ಚುಕಮ್ಮಿ ಇದೇ ಲೆಕ್ಕ, ಸಂಖ್ಯೆಯ ನಂತರ ಚುಕ್ಕೆಯ ಬದಲು ಅಂಡರ್‌ಸ್ಕೋರ್. ಮುಖ್ಯ ವಿಭಾಗಗಳಿಗೆ 10, 20, 30 ಅಂತ ಅಂತರ ಬಿಟ್ಟು ಸಂಖ್ಯೆ ಕೊಡಿ. ಮಧ್ಯೆ ಒಂದು ಸೇರಿಸಬೇಕಾದರೆ ಉಳಿದದ್ದನ್ನು ಮುಟ್ಟಬೇಕಾಗಿಲ್ಲ. ತಾರೀಕಿನ ಪ್ರಕಾರ ಜೋಡಿಸುವ ಲೇಖನಗಳಿಗೆ ಸಂಖ್ಯೆಯೇ ಬೇಡ.

ಇಲ್ಲಿ ಓದಲು ಸುಲಭವಾಗಲಿ ಅಂತ ಫೋಲ್ಡರ್ ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ನಿಜವಾದ ಫೋಲ್ಡರ್‌ಗೆ ಇಂಗ್ಲಿಷ್ ಅಕ್ಷರವೇ ವಾಸಿ ಅಂತ ನನ್ನ ಅಭಿಪ್ರಾಯ, ಶೀರ್ಷಿಕೆ ಹೇಗೂ ಕನ್ನಡದಲ್ಲೇ ಇರುತ್ತದೆ. ಕನ್ನಡದ ಒಂದೊಂದು ಸಂಕೇತವೂ (ಅಕ್ಷರ ಒಂದು, ಅದಕ್ಕೆ ಸೇರುವ ಸ್ವರಚಿಹ್ನೆ ಇನ್ನೊಂದು) ಕಂಪ್ಯೂಟರ್ ಅಕ್ಷರ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್, ಲಿಂಕ್ ನಕಲು ಮಾಡಿದಾಗ ಅದು ಶೇಕಡಾ ಚಿಹ್ನೆಗಳೂ ಸೇರಿ 9 ಅಕ್ಷರ ಆಗುತ್ತದೆ. ‘ಲೇಖನಗಳು’ ಅನ್ನುವ ಒಂದೇ ಪದಕ್ಕೆ 63 ಅಕ್ಷರ! ಇಂಗ್ಲಿಷಿನಲ್ಲಿ ಬರೆಯುವಾಗ ಎಲ್ಲವೂ ಸಣ್ಣಕ್ಷರ ಇರಲಿ, ಪದಗಳ ನಡುವೆ ಹೈಫನ್ ಇರಲಿ. ವಿಂಡೋಸ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಲಿನಕ್ಸ್ ಸರ್ವರ್‌ಗೆ ಎರಡೂ ಬೇರೆ. ನಿಮ್ಮ ಕಂಪ್ಯೂಟರ್‌ನಲ್ಲಿ ಕಂಡ ಚಿತ್ರ ಸರ್ವರ್‌ನಲ್ಲಿ ಕಾಣದಿದ್ದರೆ ಮೊದಲು ಇದನ್ನೇ ನೋಡಿ.

ಚಿತ್ರದ ವಿಷಯ ಸುಲಭ. ಗ್ರಾವ್, ಕಿರ್ಬಿ ಎರಡರಲ್ಲೂ ಪುಟದ ಫೋಲ್ಡರ್‌ನಲ್ಲೇ ಚಿತ್ರ ಇಟ್ಟರೆ ಬರಹದಲ್ಲಿ ಫೈಲಿನ ಹೆಸರಷ್ಟೇ ಬರೆದರೆ ಸಾಕು. ಪುಟ ಅಳಿಸಿದರೆ ಚಿತ್ರವೂ ಹೋಗುತ್ತದೆ, ಸರಿಸಿದರೆ ಜೊತೆಗೇ ಬರುತ್ತದೆ. ಎಲ್ಲ ಒಂದೇ ಕಡೆ ಸುರಿದರೆ ಒಂದೆರಡು ವರ್ಷದಲ್ಲಿ ಯಾವ ಚಿತ್ರ ಯಾವ ಪುಟದ್ದು ಅಂತ ತಿಳಿಯುವುದಿಲ್ಲ, ಅಳಿಸಲು ಕೈ ಬರುವುದಿಲ್ಲ. ಲೋಗೋ ತರಹ ಎಲ್ಲ ಪುಟಕ್ಕೂ ಬೇಕಾದದ್ದು ಮಾತ್ರ ಥೀಮ್‌ನಲ್ಲಿ ಇರಲಿ. ಪಿಕೋ ಮತ್ತು ಡೋಕುವಿಕಿ ಎಂಬ ಬೇರೆ ಫ್ಲಾಟ್-ಫೈಲ್ ತಂತ್ರಾಂಶಗಳಲ್ಲಿ ಚಿತ್ರಗಳಿಗೆ ಬೇರೆ ಜಾಗವೇ ಇದೆ, ಅಲ್ಲಿ ಈ ಮಾತು ನಡೆಯುವುದಿಲ್ಲ.

ಈಗಾಗಲೇ ಪ್ರಕಟವಾದ ಪುಟವನ್ನು ಸರಿಸಲೇಬೇಕಾದರೆ ಮೊದಲು ಪೂರ್ತಿ ‘ಯೂಸರ್’ ಫೋಲ್ಡರ್‌ನ ಪ್ರತಿ ತೆಗೆದಿಡಿ. ಸರಿಸಿದ ಮೇಲೆ ಸೈಟಿನ ಕಾನ್ಫಿಗ್‌ನಲ್ಲಿ ಹಳೆಯ ವಿಳಾಸದಿಂದ ಹೊಸದಕ್ಕೆ ರೀಡೈರೆಕ್ಟ್ ಬರೆಯಿರಿ, ಕ್ಯಾಶ್ (ಗ್ರಾವ್ ಉಳಿಸಿಟ್ಟುಕೊಂಡ ಹಳೆಯ ಪ್ರತಿ) ಖಾಲಿ ಮಾಡಿ, ಹಳೆಯ ಲಿಂಕ್ ತೆರೆದು ನೋಡಿ. ಇದಕ್ಕೂ ಮೊದಲು ಪ್ರತಿಯೊಂದು ಲೇಖನದಲ್ಲೂ ‘ಡೇಟ್’ ಸಾಲು ಇದೆಯಾ ಅಂತ ಒಮ್ಮೆ ಹುಡುಕಿ. ಅದು ಇಲ್ಲದ ಪುಟಕ್ಕೆ ಗ್ರಾವ್ ಫೈಲ್ ಕೊನೆಗೆ ಬದಲಾದ ಸಮಯವನ್ನೇ ತಾರೀಕು ಅಂತ ತೆಗೆದುಕೊಳ್ಳುತ್ತದೆ. ಫೈಲುಗಳ ಆವೃತ್ತಿಗಳನ್ನು ಇಟ್ಟುಕೊಳ್ಳುವ ಗಿಟ್ ಆ ಸಮಯವನ್ನು ಉಳಿಸುವುದಿಲ್ಲ. ಅದರಿಂದ ಹೊಸ ಸರ್ವರ್‌ಗೆ ಇಳಿಸಿದ ದಿನವೇ ನಿಮ್ಮ ನೂರು ಲೇಖನಗಳೂ ಬರೆದವು ಅಂತ ಕಾಣುತ್ತದೆ, ಪಟ್ಟಿಯ ಕ್ರಮವೂ ಕಲಸಿಹೋಗುತ್ತದೆ.