ಕುದುರೆಗಳಿಗೆ ಕತ್ತರಿ ಬೀಳುವುದಿಲ್ಲ

ದೊಡ್ಡ ಐತಿಹಾಸಿಕ ಚಿತ್ರವೊಂದು ಶುಕ್ರವಾರ ತೆರೆಕಂಡರೆ ಭಾನುವಾರ ಸಂಜೆಯೊಳಗೆ ಮೂರು ದೂರುಗಳು ಎದ್ದಿರುತ್ತವೆ. ಅದ್ದೂರಿತನ ಇದೆ, ಜೀವ ಇಲ್ಲ ಅನ್ನುವುದು ವಿಮರ್ಶಕರ ದೂರು. ಇದು ಹೀಗೆ ನಡೆದೇ ಇಲ್ಲ ಅನ್ನುವುದು ಇತಿಹಾಸ ಓದಿದವರದು. ಟಿಕೆಟ್ ಕೊಂಡು ನೋಡಿದವರು ‘ಯುದ್ಧ ಸೂಪರ್, ಮಧ್ಯೆ ಲ್ಯಾಗ್’ ಎಂದು ಎರಡೇ ಮಾತಲ್ಲಿ ಮುಗಿಸುತ್ತಾರೆ. ಸಂಕಲನದ ಕೋಣೆಯಲ್ಲಿ ಕೂರುವ ನನಗೆ ಮೊದಲನೆಯದೂ ಮೂರನೆಯದೂ ಒಂದೇ ಕಾಯಿಲೆಯ ಎರಡು ಲಕ್ಷಣಗಳಾಗಿ ಕಾಣುತ್ತವೆ.

ಇಂಥ ಚಿತ್ರದ ಮೊದಲ ಜೋಡಣೆ ನಾಲ್ಕು ಗಂಟೆ ದಾಟುವುದು ಅಪರೂಪವೇನಲ್ಲ. ಚಿತ್ರಮಂದಿರದವರಿಗೆ ಎರಡೂವರೆ ಗಂಟೆ ಸಾಕು. ಉದ್ದ ಹೆಚ್ಚಾದಷ್ಟೂ ದಿನದ ಒಂದು ಆಟ ಕೈತಪ್ಪುತ್ತದೆ. ಹಾಗಾದರೆ ಒಂದೂವರೆ ಗಂಟೆಯನ್ನು ಎಲ್ಲಿಂದ ತೆಗೆಯುವುದು? ಯುದ್ಧದಿಂದ ತೆಗೆಯುವಂತಿಲ್ಲ. ಅದಕ್ಕೆ ನೂರಾರು ಕುದುರೆ, ವಾರಗಟ್ಟಲೆ ಚಿತ್ರೀಕರಣ, ಆಮೇಲೆ ಗ್ರಾಫಿಕ್ಸ್‌ನ ಖರ್ಚು. ಅದರ ಅರ್ಧ ಶಾಟ್‌ಗಳು ಆಗಲೇ ಟ್ರೇಲರ್‌ನಲ್ಲಿ ಬಂದುಬಿಟ್ಟಿರುತ್ತವೆ. ಹೀಗಾಗಿ ಕತ್ತರಿ ಬೀಳುವುದು ಕೋಣೆಯೊಳಗಿನ ದೃಶ್ಯಗಳಿಗೆ: ತಾಯಿ–ಮಗುವಿನ ಮಾತು, ಅಣ್ಣತಮ್ಮಂದಿರ ಹಳೆಯ ಮನಸ್ತಾಪ, ಸೇನಾಪತಿ ನಿದ್ದೆ ಬಾರದೆ ಕೂತ ರಾತ್ರಿ. ಇವನ್ನು ತೆಗೆದರೆ ನಿರ್ಮಾಪಕರ ಹೊಟ್ಟೆ ಉರಿಯುವುದಿಲ್ಲ. ಆದರೆ ನಾಯಕ ಯುದ್ಧಕ್ಕೆ ಹೋಗಿದ್ದೇಕೆ ಎಂಬುದು ಇರುವುದು ಅಲ್ಲೇ. ಅದು ಹೋದ ಮೇಲೆ ಯಾರು ಸತ್ತರೆ ನಾವು ಅಯ್ಯೋ ಅನ್ನಬೇಕು ಎಂಬುದೇ ತಿಳಿಯದೆ ಕುದುರೆಗಳು ಓಡುತ್ತಿರುತ್ತವೆ.

ವಿಮರ್ಶಕರು ಇದನ್ನೇ ಜೀವ ಇಲ್ಲ ಅನ್ನುತ್ತಾರೆ, ಪ್ರೇಕ್ಷಕರು ಲ್ಯಾಗ್ ಅನ್ನುತ್ತಾರೆ. ಪ್ರಿವ್ಯೂ ಪ್ರದರ್ಶನದಲ್ಲಿ ನೂರನೇ ನಿಮಿಷಕ್ಕೆ ಜನ ಕೆಮ್ಮಲು ಶುರುಮಾಡಿದರೆ ನಾನು ಮೂವತ್ತನೇ ನಿಮಿಷವನ್ನು ತೆರೆದು ನೋಡುತ್ತೇನೆ. ಅಲ್ಲಿ ಏನೋ ಒಂದನ್ನು ಹೇಳದೆ ಬಿಟ್ಟಿರುತ್ತೇವೆ. ‘ಇನ್ನೂ ಹತ್ತು ನಿಮಿಷ ಕತ್ತರಿಸಿ’ ಎಂಬ ಸಲಹೆ ಬರುವುದೂ ಆ ಹೊತ್ತಿಗೇ. ಕತ್ತರಿಸಿದ ಮೇಲೆ ಚಿತ್ರ ಇನ್ನಷ್ಟು ಉದ್ದವಾಗಿ ಕಾಣುತ್ತದೆ!

2005ರ ‘ಕಿಂಗ್‌ಡಮ್ ಆಫ್ ಹೆವನ್’ ಇದಕ್ಕೆ ಪಾಠದಂಥ ಉದಾಹರಣೆ. 1187ರಲ್ಲಿ ಜೆರುಸಲೇಮ್ ಮುಸ್ಲಿಂ ಸುಲ್ತಾನ ಸಲಾದಿನ್‌ನ ವಶವಾದ ಕಾಲದ ಕಥೆ. ಚಿತ್ರಮಂದಿರಕ್ಕೆ ಬಂದದ್ದು 144 ನಿಮಿಷದ ಆವೃತ್ತಿ. ಅಲ್ಲಿನ ಕ್ರೈಸ್ತ ರಾಣಿ ಸಿಬಿಲ್ಲಾಳಿಗೆ ಒಬ್ಬ ಮಗನಿದ್ದ, ಐದನೇ ಬಾಲ್ಡ್ವಿನ್, ಎಳೆಯ ವಯಸ್ಸಿನ ದೊರೆ. ಆ ಮಗುವೇ ಈ ಆವೃತ್ತಿಯಲ್ಲಿಲ್ಲ. ಹಾಗಾಗಿ ದ್ವಿತೀಯಾರ್ಧದಲ್ಲಿ ಆಕೆ ಕಂಗೆಟ್ಟು ತಲೆಗೂದಲು ಕತ್ತರಿಸಿಕೊಳ್ಳುವಾಗ, ಇವಳಿಗೇನಾಯಿತು ಎಂದು ನೋಡುವವರು ಪಕ್ಕದವರ ಮುಖ ನೋಡಬೇಕಾಯಿತು. ಆಮೇಲೆ ಬಂದ 194 ನಿಮಿಷದ ನಿರ್ದೇಶಕರ ಆವೃತ್ತಿಯಲ್ಲಿ ಮಗು ಮರಳಿತು. ತಮ್ಮನನ್ನು ತಿಂದ ಕುಷ್ಠರೋಗವೇ ಮಗನಿಗೂ ತಗುಲಿದ್ದನ್ನು ಕಂಡ ತಾಯಿ ಅವನಿಗೆ ತಾನೇ ವಿಷವಿಡುತ್ತಾಳೆ. ಮೊದಲು ಮೂಗು ಮುರಿದಿದ್ದ ಹಲವರು ಇದನ್ನು ಬೇರೆಯೇ ಚಿತ್ರ ಎಂಬಂತೆ ಬರಮಾಡಿಕೊಂಡರು.

ಸ್ವಾರಸ್ಯ ಇರುವುದು ಮುಂದೆ. 1186ರಲ್ಲಿ ಬಾಲಕ ಸತ್ತದ್ದು ನಿಜ, ತಾಯಿ ವಿಷವಿಟ್ಟಳು ಎಂಬುದಕ್ಕೆ ಮಾತ್ರ ಆಧಾರವಿಲ್ಲ. ಅಂದರೆ ಚಿತ್ರವನ್ನು ಎತ್ತಿ ನಿಲ್ಲಿಸಿದ ಎಳೆಯೇ ಕಲ್ಪನೆ.

ಇಷ್ಟು ಕೇಳಿ ಉದ್ದ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳಬೇಡಿ. 2004ರ ‘ಅಲೆಕ್ಸಾಂಡರ್’ ಚಿತ್ರಕ್ಕೆ ಒಟ್ಟು ನಾಲ್ಕು ಆವೃತ್ತಿಗಳಿವೆ. ಒಂದು ಮೂಲಕ್ಕಿಂತ ಚಿಕ್ಕದು, ಇನ್ನೊಂದು ಮೂರೂವರೆ ಗಂಟೆಯದು. ಚಿತ್ರಮಂದಿರದಲ್ಲಿ ಕಂಡ ರೂಪದಲ್ಲಿ ತಂದೆ ಫಿಲಿಪ್‌ನ ಕೊಲೆ ಎಷ್ಟೋ ಹೊತ್ತಿನ ನಂತರ ಫ್ಲ್ಯಾಷ್‌ಬ್ಯಾಕ್‌ನಲ್ಲಿ ಬರುತ್ತದೆ. ಮಗ ಪಟ್ಟಕ್ಕೇರಿದ್ದು ಯಾವ ನೆರಳಿನಲ್ಲಿ ಎಂಬುದನ್ನು ಅನುಭವಿಸದೆಯೇ ನಾವು ಪರ್ಷಿಯನ್ನರೊಡನೆ ಕಾದಾಡಿದ ಗಾಗಮೇಲದ ರಣರಂಗದಲ್ಲಿ ನಿಂತಿರುತ್ತೇವೆ. ನಡುವಿನ ವರ್ಷಗಳನ್ನು ಆತನ ಸೇನಾನಿಯಾಗಿದ್ದ ಮುದುಕ ಟಾಲೆಮಿ ಬಾಯಲ್ಲಿ ಹೇಳಿ ಮುಗಿಸುತ್ತಾನೆ. ಈ ತೊಡಕು ಕಥೆ ಹೆಣೆದ ಕ್ರಮದಲ್ಲೇ ಇತ್ತು, ನಿಮಿಷ ಸೇರಿಸಿ ಬಿಡಿಸುವಂಥದ್ದಾಗಿರಲಿಲ್ಲ.

ಇನ್ನು ಇತಿಹಾಸದವರ ದೂರು. ಅದನ್ನು ಹಗುರವಾಗಿ ತಳ್ಳಿಹಾಕುವ ಸಿನಿಮಾದವರ ಚಾಳಿ ನನಗೆ ಹಿಡಿಸುವುದಿಲ್ಲ. ಆದರೆ ಗದ್ದಲ ಏಳುವುದು ಬಹಳ ಸಲ ತಪ್ಪು ಜಾಗದಲ್ಲಿ. 2023ರ ‘ನೆಪೋಲಿಯನ್’ ಬಂದಾಗ ಪಿರಮಿಡ್ಡಿಗೆ ತೋಪು ಹಾರಿಸಿದ್ದೇ ದೊಡ್ಡ ಸುದ್ದಿಯಾಯಿತು. ಫ್ರಾನ್ಸ್‌ನ ರಾಣಿ ಮೇರಿ ಆಂಟೊನೆಟ್‌ಳ ಶಿರಚ್ಛೇದ ನೋಡುತ್ತ ಆತ ಗುಂಪಿನಲ್ಲಿ ನಿಂತಿದ್ದೂ ಸುಳ್ಳೇ. 1793ರ ಅಕ್ಟೋಬರ್‌ನಲ್ಲಿ ಆತ ದಕ್ಷಿಣ ಫ್ರಾನ್ಸ್‌ನ ಬಂದರು ಟೂಲಾನ್‌ನ ಮುತ್ತಿಗೆಯಲ್ಲಿದ್ದ. ಇವೆರಡನ್ನೂ ತೆಗೆದುಹಾಕಿದರೂ ಚಿತ್ರ ಹಾಗೇ ಇರುತ್ತದೆ. ಇದಕ್ಕಿಂತ ದೊಡ್ಡ ಪಲ್ಲಟದ ಬಗ್ಗೆ ಅಷ್ಟು ಸದ್ದಾಗಲಿಲ್ಲ. ಆತನ ಹೆಂಡತಿ ಜೋಸೆಫಿನ್ ಆತನಿಗಿಂತ ಆರು ವರ್ಷ ದೊಡ್ಡವಳು, ಇಬ್ಬರು ಮಕ್ಕಳ ತಾಯಿ, ಪ್ಯಾರಿಸ್ಸಿನ ಪಡಸಾಲೆಗಳನ್ನು ಅರೆದು ಕುಡಿದವಳು. ಮದುವೆಯಾದಾಗ ಆತನಿಗೆ 26. ತೆರೆಯ ಮೇಲೆ ನಟ ನಟಿಗಿಂತ ಹತ್ತು ವರ್ಷಕ್ಕೂ ಹೆಚ್ಚು ಹಿರಿಯ. ಯಾರು ಯಾರ ಮುಂದೆ ಅಂಜಬೇಕು ಎಂಬುದೇ ತಲೆಕೆಳಗಾಯಿತು. ಆ ಸಂಬಂಧ ಮನಸ್ಸಿಗೆ ತಟ್ಟಲಿಲ್ಲ ಎಂದವರು ತಮಗೆ ಅರಿವಿಲ್ಲದೆಯೇ ಇತಿಹಾಸದ ತಪ್ಪೊಂದನ್ನು ಹಿಡಿದಿದ್ದರು.

ಪ್ರೇಕ್ಷಕರು ಏನನ್ನು ಮನ್ನಿಸುತ್ತಾರೆ ಎಂಬುದಕ್ಕೆ 1995ರ ‘ಬ್ರೇವ್‌ಹಾರ್ಟ್’ ನೋಡಬೇಕು. 1297ರ ಸ್ಟರ್ಲಿಂಗ್ ಸೇತುವೆಯ ಕದನವನ್ನು ಸೇತುವೆಯೇ ಇಲ್ಲದೆ ತೋರಿಸಿದ ಚಿತ್ರ ಅದು. ಇಂಗ್ಲಿಷರ ಸೈನ್ಯ ಕಿರಿದಾದ ಸೇತುವೆಯನ್ನು ಅರ್ಧ ದಾಟಿದಾಗ ಮೇಲೆ ಬಿದ್ದದ್ದೇ ಸ್ಕಾಟರ ಗೆಲುವಿನ ಗುಟ್ಟು. ತೆರೆಯ ಮೇಲೆ ಸ್ಕಾಟರ ನಾಯಕ ವಿಲಿಯಂ ವಾಲೇಸ್‌ನ ಜೊತೆ ಪ್ರೇಮ ಹೆಣೆದ ಫ್ರೆಂಚ್ ರಾಜಕುಮಾರಿ ಇಸಾಬೆಲ್ಲಾ ನಿಜದಲ್ಲಿ ಆತ ಸಾಯುವಾಗ ಹತ್ತರ ಆಸುಪಾಸಿನ ಹುಡುಗಿ, ಇಂಗ್ಲೆಂಡಿಗೇ ಬಂದಿರಲಿಲ್ಲ. ಆದರೂ ಐದು ಆಸ್ಕರ್ ಬಂದವು, ಜನ ಅಪ್ಪಿಕೊಂಡರು. ಆತ ಕತ್ತಿ ಹಿಡಿದಿದ್ದೇಕೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಹೆಂಡತಿಯ ಕೊಲೆಯನ್ನು ಎಲ್ಲರೂ ಕಣ್ಣಾರೆ ನೋಡಿದ್ದರು. ಇದಕ್ಕೆ ತದ್ವಿರುದ್ಧ 1970ರ ‘ವಾಟರ್‌ಲೂ’. ಸುಮಾರು 15,000 ಸೋವಿಯತ್ ಸೈನಿಕರನ್ನು ನಿಲ್ಲಿಸಿ ರಣರಂಗವನ್ನು ಕಟ್ಟಿದರು, ಯುದ್ಧೇತಿಹಾಸದ ಹುಚ್ಚಿರುವವರು ಇಂದಿಗೂ ಕೊಂಡಾಡುತ್ತಾರೆ, ಗಲ್ಲಾಪೆಟ್ಟಿಗೆ ಮಾತ್ರ ತುಂಬಲಿಲ್ಲ.

ಅಂಕಗಳ ಬಗ್ಗೆ ಒಂದು ಮಾತು. ವಿಮರ್ಶಕರ ಅಭಿಪ್ರಾಯ ಒಟ್ಟುಹಾಕುವ ಜಾಲತಾಣ ರಾಟನ್ ಟೊಮ್ಯಾಟೋಸ್‌ನ ಶೇಕಡಾವಾರು ಚಿತ್ರಕ್ಕೆ ಸಿಕ್ಕ ಮಾರ್ಕ್ಸ್ ಅಲ್ಲ, ಪರವಾಗಿಲ್ಲ ಅಂದವರ ತಲೆ ಎಣಿಕೆ. ಎಲ್ಲರೂ ಪರವಾಗಿಲ್ಲ ಅಂದರೂ ಅಲ್ಲಿ 100 ಬೀಳುತ್ತದೆ. ಪ್ರೇಕ್ಷಕರ ಸಮೀಕ್ಷೆ ನಡೆಸುವ ಸಿನಿಮಾಸ್ಕೋರ್‌ನವರು ಅಮೆರಿಕ, ಕೆನಡಾದಲ್ಲಿ ಮೊದಲ ದಿನ ನೋಡಿದವರಿಂದ ಚೀಟಿ ತುಂಬಿಸಿಕೊಳ್ಳುತ್ತಾರೆ. ಅವರು ಆಸೆಪಟ್ಟು ಮೊದಲೇ ಬಂದವರು. ಆದ್ದರಿಂದ ‘ನೆಪೋಲಿಯನ್’ ಪಡೆದ ‘ಬಿ ಮೈನಸ್’ ಶಾಲೆಯ ಲೆಕ್ಕದಲ್ಲಿ ಪಾಸು, ನಮ್ಮ ಲೆಕ್ಕದಲ್ಲಿ ಎಚ್ಚರಿಕೆ. ನಾನಂತೂ ಅಂಕ ಬಿಟ್ಟು, ಯಾವುದಾದರೂ ಒಂದು ದೃಶ್ಯವನ್ನು ಹೆಸರಿಸಿ ಬೈದವರ ವಿಮರ್ಶೆಯನ್ನು ಮೊದಲು ಓದುತ್ತೇನೆ. ಅವರು ಬೈದ ದೃಶ್ಯಕ್ಕೂ ಮೊದಲು ನಾವು ಏನನ್ನು ತೆಗೆದೆವು ಎಂದು ಹುಡುಕಿಕೊಂಡು ಹೋಗಬಹುದು.