ಐದು ಸೆಂಟಿಮೀಟರ್ ನೀರು ಸಾಕು

ಮಂಡ್ಯ ಜಿಲ್ಲೆಯಲ್ಲಿ ನೀರು, ದೀಪ ಎಂದ ಕೂಡಲೇ ಕೃಷ್ಣರಾಜಸಾಗರದ ಬೃಂದಾವನ ನೆನಪಾಗುತ್ತದೆ. ಹಾಗಾಗಿ ಸ್ಮಾರಕ ಕಟ್ಟುವ ಮಾತು ಬಂದರೂ ಮೊದಲು ಏಳುವ ಬೇಡಿಕೆ ಕಾರಂಜಿಯದೇ. ನನ್ನ ಮಟ್ಟಿಗೆ ಅದು ಬೇಡವೇ ಬೇಡ. ಅಗಲಿದವರನ್ನು ನೆನೆಯಲು ಬಂದವರಿಗೆ ಕಲಕದ ನೀರು ಬೇಕು. ಅದರಲ್ಲಿ ಮರ, ಆಕಾಶ ಕಾಣಬೇಕು.

ನೀರು ಕನ್ನಡಿಯಾಗುವುದು ನೋಡುವ ಕೋನದಿಂದ. ಕೊಳಕ್ಕೆ ಬಗ್ಗಿ ನೇರ ಕೆಳಗೆ ನೋಡಿದರೆ, ಬಿದ್ದ ಬೆಳಕಿನಲ್ಲಿ ಶೇ. 2ರಷ್ಟು ಮಾತ್ರ ಕಣ್ಣಿಗೆ ಮರಳುತ್ತದೆ. ಉಳಿದದ್ದು ನೀರಿನೊಳಗೆ ಇಳಿಯುತ್ತದೆ. ನೋಟ ಓರೆಯಾದಷ್ಟೂ ಪ್ರತಿಫಲನ ಹೆಚ್ಚು. ನಿಂತವರ ಕಣ್ಣು 1.6 ಮೀಟರ್ ಎತ್ತರದಲ್ಲಿದ್ದರೆ, 7 ಮೀಟರ್ ಆಚೆಯ ನೀರು ಸುಮಾರು ಕಾಲು ಭಾಗ ಬೆಳಕನ್ನು ಹಿಂದಿರುಗಿಸುತ್ತದೆ. ಕುಳಿತರೆ ಕಣ್ಣು 1.2 ಮೀಟರಿಗೆ ಇಳಿಯುತ್ತದೆ, ಪ್ರತಿಫಲನ ಶೇ. 35ಕ್ಕೆ ಏರುತ್ತದೆ. ಕಲ್ಲುಬೆಂಚು ಆದಷ್ಟು ತಗ್ಗಾಗಿರಲಿ.

ತೊಡಕೊಂದಿದೆ. ಎದುರು ದಡದ ಮರದ ನೆತ್ತಿ ಪ್ರತಿಫಲಿಸುವುದು ನಮಗೆ ಹತ್ತಿರದ ನೀರಿನಲ್ಲಿ, ಅಂದರೆ ಪ್ರತಿಫಲನ ದುರ್ಬಲವಾಗಿರುವ ಕಡೆ. ಅಲ್ಲಿ ತಳದ ಕಲ್ಲು ಬಿಳಿಯಿದ್ದರೆ ಅದರ ಹೊಳಪೇ ಬಿಂಬವನ್ನು ನುಂಗಿಬಿಡುತ್ತದೆ. ಚಾಮರಾಜನಗರದ ಕರಿಕಲ್ಲು ಹಾಸಿದರೆ ಮಂಕು ಬಿಂಬವೂ ಎದ್ದು ಕಾಣುತ್ತದೆ. ಆಳ ಲೆಕ್ಕಕ್ಕೇ ಇಲ್ಲ; 5 ಸೆಂಟಿಮೀಟರ್ ಸಾಕು. ನೂರು ಚದರ ಮೀಟರ್ ಕೊಳಕ್ಕೆ ಅದು 5,000 ಲೀಟರ್. ಐದಾರು ದಿನಕ್ಕೊಮ್ಮೆ, ಸೊಳ್ಳೆಮರಿಗೆ ರೆಕ್ಕೆ ಮೂಡುವ ಮುನ್ನ, ಕೊಳವನ್ನು ಪೂರ್ತಿ ಬರಿದು ಮಾಡಿ ಆ ನೀರನ್ನು ಮರಗಳ ಬುಡಕ್ಕೆ ಬಿಡಬಹುದು.

ಯಾವ ಮರ? ಆಲ, ಅರಳಿ ಬೇಡ. ಬೇರು ಕಲ್ಲಿನ ಸಂದಿಗೆ ನುಗ್ಗುತ್ತದೆ. ಶ್ರೀರಂಗಪಟ್ಟಣದ ಗುಂಬಜ್‌ನ ಸೈಪ್ರೆಸ್ ಸಾಲು ಚೆಂದವೇ, ಆದರೆ ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ಇಲ್ಲಿ ನಡುನೆತ್ತಿಗೆ ಬರುತ್ತಾನೆ. ಕಂಬದಂಥ ಮರದ ನೆರಳು ಆಗ ಬುಡ ದಾಟುವುದಿಲ್ಲ. ಹೊಂಗೆ ಎಲೆಯುದುರಿಸಿದ ಬೆನ್ನಲ್ಲೇ ಚಿಗುರಿ, ಬೇಸಿಗೆಗೆ ಸರಿಯಾಗಿ ದಟ್ಟ ನೆರಳು ಹರಡುತ್ತದೆ. ಅದರ ಎಲೆ, ಹೂವು ನೀರಿನಲ್ಲಿ ಕೊಳೆತರೆ ಮಾತ್ರ ಪಾಚಿಗೆ ಗೊಬ್ಬರ. ದಡದಿಂದ ಸಾಕಷ್ಟು ಹಿಂದೆ ನೆಡಬೇಕು.

ದೀಪವನ್ನು ನೀರಿನ ಮೇಲೆ ಹಾಯಿಸಿ ಪ್ರಯೋಜನವಿಲ್ಲ. ಕಾಂಡಕ್ಕೆ ಬೆಳಕು ಬಿಟ್ಟರೆ ನೀರೇ ಅದನ್ನು ತೋರಿಸುತ್ತದೆ. ಬಣ್ಣ ಹಳದಿಯಿರಲಿ, ನೀಲಿ ಅಂಶ ಹೆಚ್ಚಿರುವ ಬಿಳಿ ಎಲ್‌ಇಡಿಗೆ ಹುಳುಗಳು ಹೆಚ್ಚು ಮುತ್ತುತ್ತವೆ. ಮಳೆ ಬಿದ್ದ ಸಂಜೆ ಗೆದ್ದಲು ರೆಕ್ಕೆ ಬಿಚ್ಚಿ ಎದ್ದರೆ, ಬೆಳಗ್ಗೆ ಕೊಳದ ತುಂಬ ಕಳಚಿದ ರೆಕ್ಕೆಗಳೇ. ಅವನ್ನು ಬಾಚಲು ಉದ್ದ ಕೋಲಿನ ಬಲೆ, ಆ ಕೋಲು ಹಿಡಿಯುವವರಿಗೆ ತಿಂಗಳ ಸಂಬಳ, ಎರಡನ್ನೂ ಅಂದಾಜುಪಟ್ಟಿಯಲ್ಲಿ ಮೊದಲೇ ಬರೆದಿಡಬೇಕು.