ಕಪ್ಪುತಲೆ ಹುಳುವಿನ ಪಂಚಾಂಗ

ತಿಪಟೂರಿನ ಕಡೆಯ ತೆಂಗಿನ ತೋಟಕ್ಕೆ ಕಪ್ಪುತಲೆ ಹುಳು ಜೋರಾಗಿ ಬಿದ್ದಾಗ, ದೂರದಿಂದ ನೋಡಿದವರಿಗೆ ಅದು ಬೆಂಕಿ ತಗುಲಿ ಆರಿದ ತೋಟದಂತೆ ಕಾಣುತ್ತದೆ. ಸುಳಿ ಮತ್ತು ಅದರ ಸುತ್ತಲಿನ ಕೆಲವು ಎಳೆಯ ಗರಿಗಳು ಮಾತ್ರ ಹಸಿರಾಗಿ ನಿಂತಿರುತ್ತವೆ; ಕೆಳಗಿನವೆಲ್ಲ ಸುಟ್ಟ ಬಣ್ಣಕ್ಕೆ ತಿರುಗಿ ಜೋತುಬಿದ್ದಿರುತ್ತವೆ. ಅಂಥ ಒಂದು ಗರಿಯನ್ನು ಇಳಿಸಿ ಮಗುಚಿದರೆ, ಹುಳು ತನ್ನ ಹಿಕ್ಕೆಯನ್ನು ನೂಲಿನೊಡನೆ ಹೆಣೆದು ಕಟ್ಟಿಕೊಂಡ ಉದ್ದನೆಯ ಸುರಂಗ ಕಾಣುತ್ತದೆ. ಅದರೊಳಗೆ ಅಡಗಿ ಎಲೆಯ ಅಡಿಭಾಗದ ಹಸಿರನ್ನೆಲ್ಲ ಕೆರೆದು ತಿನ್ನುವ ಈ ಹುಳು, ಮೇಲಿನ ತೆಳು ಪೊರೆಯೊಂದನ್ನು ಮಾತ್ರ ಉಳಿಸುತ್ತದೆ. ವಿಜ್ಞಾನಿಗಳು ಇದನ್ನು ಒಪಿಸಿನಾ ಅರೆನೋಸೆಲ್ಲಾ ಎಂದು ಕರೆಯುತ್ತಾರೆ. ಉಂಡೆ ಕೊಬ್ಬರಿಯ ಸೀಮೆಯಲ್ಲಿ ಇದರ ಪೆಟ್ಟು ಕೂಡಲೇ ಲೆಕ್ಕಕ್ಕೆ ಸಿಗುವುದಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುತ್ತಿರುವ ಕಾಯಿ ಹಿಂದಿನ ಫಸಲಿನದು. ಗರಿ ಕಳೆದುಕೊಂಡ ಮರ ಕಡಿಮೆ ಕಾಯಿ ಕಟ್ಟಿದ್ದು ಕೊಬ್ಬರಿ ಮಾರುಕಟ್ಟೆಯ ತಕ್ಕಡಿಗೆ ಬರುವಷ್ಟರಲ್ಲಿ ಹುಳುವಿನ ಎಷ್ಟೋ ತಲೆಮಾರು ಕಳೆದಿರುತ್ತದೆ.

ಎತ್ತರದ ಮರದ ಗರಿಯ ಅಡಿಗೆ, ಅದೂ ಸುರಂಗದೊಳಗೆ ಕುಳಿತ ಹುಳುವಿಗೆ ಔಷಧ ಸಿಂಪಡಿಸುವುದು ಸುಲಭವಲ್ಲ. ಬೇರಿನ ಮೂಲಕ ಕೀಟನಾಶಕ ಉಣಿಸುವ ಪದ್ಧತಿ ಒಂದು ಕಾಲದಲ್ಲಿ ವ್ಯಾಪಕವಾಗಿತ್ತು. ಆದರೆ ಹಾಗೆ ಉಣಿಸಿದ ಮೇಲೆ ಸುಮಾರು ಒಂದೂವರೆ ತಿಂಗಳು ಎಳನೀರನ್ನೂ ಕಾಯನ್ನೂ ಇಳಿಸಬಾರದು. ಈ ತೊಡಕಿನ ನಡುವೆಯೇ ತೋಟಗಳಿಗೆ ಬಂದದ್ದು ಗೋನಿಯೋಜಸ್ ನೆಫಾಂಟಿಡಿಸ್ ಎಂಬ, ಇರುವೆಯನ್ನು ಹೋಲುವ ಕಪ್ಪು ಬಣ್ಣದ ಪುಟ್ಟ ಕಣಜ. ಇದು ಹೊರಗಿನಿಂದ ತಂದದ್ದಲ್ಲ. ಹುಳುವೂ ಇಲ್ಲಿಯದೇ, ಅದರ ವೈರಿಯೂ ಇಲ್ಲಿಯದೇ. ಪ್ರಯೋಗಾಲಯಗಳಲ್ಲಿ ಜೋಳದ ನುಚ್ಚಿನ ಮೇಲೆ ಅಕ್ಕಿ ಪತಂಗದ ಹುಳುಗಳನ್ನು ಬೆಳೆಸಿ, ಆ ಹುಳುಗಳನ್ನು ಉಣಿಸಿ ಈ ಕಣಜದ ಸಂಖ್ಯೆಯನ್ನು ಹೆಚ್ಚಿಸಿ ತೋಟಗಳಿಗೆ ಬಿಡಲಾಗುತ್ತದೆ.

ಗೋನಿಯೋಜಸ್‌ನ ಬಾಳುವೆ ಸ್ವಲ್ಪ ನಿಧಾನವಾಗಿ ನೋಡತಕ್ಕದ್ದು. ಹೆಣ್ಣು ಕಣಜ ಸುರಂಗದೊಳಗೆ ನುಗ್ಗಿ, ತನಗಿಂತ ಎಷ್ಟೋ ಪಟ್ಟು ದೊಡ್ಡದಾದ ಹುಳುವನ್ನು ಕುಟುಕಿ ನಿಶ್ಚೇಷ್ಟಗೊಳಿಸುತ್ತದೆ. ಅನಂತರ ಅದರ ಮೈಮೇಲೆ ಸಾಲಾಗಿ ಮೊಟ್ಟೆಗಳನ್ನು ಇಡುತ್ತದೆ. ಮೊಟ್ಟೆಯೊಡೆದ ಮರಿಗಳು ಹುಳುವಿನ ಮೈಗೆ ಬಾಯಿ ಹಚ್ಚಿ ಹೀರಿ ಬೆಳೆಯುತ್ತವೆ. ತಾಯಿ ಮೊಟ್ಟೆ ಇಟ್ಟು ಹಾರಿಹೋಗುವುದಿಲ್ಲ. ಕೆಲವು ದಿನ ಅಲ್ಲಿಯೇ ಕಾವಲು ಕುಳಿತು, ತನ್ನ ಮರಿಗಳನ್ನು ತೆಗೆದುಹಾಕಿ ಅದೇ ಹುಳುವಿನ ಮೇಲೆ ಮೊಟ್ಟೆ ಇಡಲು ಬರುವ ಬೇರೊಂದು ಹೆಣ್ಣಿನೊಡನೆ ಕಾದಾಡುತ್ತದೆ. ಕಣಜಗಳ ಕುಲದಲ್ಲಿ ಫಲಿತ ಮೊಟ್ಟೆಯಿಂದ ಹೆಣ್ಣೂ, ಗಂಡಿನ ಸಂಪರ್ಕವಿಲ್ಲದ ಮೊಟ್ಟೆಯಿಂದ ಗಂಡೂ ಹುಟ್ಟುವುದರಿಂದ, ಯಾವುದನ್ನು ಎಷ್ಟು ಇಡಬೇಕೆಂಬುದು ಬಹುಮಟ್ಟಿಗೆ ತಾಯಿಯ ಹಿಡಿತದಲ್ಲಿರುತ್ತದೆ. ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಒಂದೇ ಗೂಡಿನಲ್ಲಿ ಕೂಡುವ ಈ ಜಾತಿಯಲ್ಲಿ, ಒಂದೆರಡು ಗಂಡು ಸಾಕು, ಉಳಿದವೆಲ್ಲ ಹೆಣ್ಣು. ಹುಳು ಹುಡುಕಿ ಕುಟುಕುವುದು ಹೆಣ್ಣಿನ ಕೆಲಸವಾದ್ದರಿಂದ ತೋಟದವರಿಗೂ ಇದು ಲಾಭವೇ.

ಆದರೂ ಕಣಜ ಬಿಟ್ಟ ಎಲ್ಲ ತೋಟಗಳಲ್ಲಿಯೂ ಹುಳು ಇಳಿಯುವುದಿಲ್ಲ. ಒಂದೇ ಊರಿನ ಎರಡು ತೋಟಗಳಲ್ಲಿ ಒಂದೇ ಪ್ರಮಾಣದ ಕಣಜ ಬಿಟ್ಟು, ಒಂದರಲ್ಲಿ ಫಲ ಕಂಡು ಇನ್ನೊಂದರಲ್ಲಿ ಕಾಣದಿದ್ದರೆ, ಕಣಜವೇ ಸರಿಯಿಲ್ಲವೆಂದು ಬಯ್ಯುವುದು ಸಹಜ. ಈ ಒಗಟಿನ ಉತ್ತರ ಇರುವುದು ಹುಳುವಿನ ಕಾಲಗಣನೆಯಲ್ಲಿ.

ಚಳಿಗಾಲದಲ್ಲಿ ನೆಲವೆಲ್ಲ ಹೆಪ್ಪುಗಟ್ಟುವ ದೇಶಗಳಲ್ಲಿ ಕೀಟಗಳು ವಸಂತಕ್ಕೆ ಕಾದು ಒಟ್ಟಿಗೇ ಎಚ್ಚರಗೊಳ್ಳುತ್ತವೆ; ಆದ್ದರಿಂದ ಅವುಗಳ ತಲೆಮಾರುಗಳು ಹೊಲದ ಸಾಲಿನಂತೆ ಬಿಡಿಬಿಡಿಯಾಗಿರುತ್ತವೆ. ನಮ್ಮಲ್ಲಿ ಅಂಥ ತಡೆಯಿಲ್ಲ. ವರ್ಷವಿಡೀ ಗರಿಯಿದೆ, ಬಿಸಿಲಿದೆ. ಹಾಗಿರುವಾಗ ಯಾವ ದಿನ ನೋಡಿದರೂ ಮೊಟ್ಟೆ, ಎಳೆ ಹುಳು, ಬಲಿತ ಹುಳು, ಕೋಶ, ಪತಂಗ ಎಲ್ಲವೂ ಬೆರೆತೇ ಸಿಗಬೇಕು. ತೆಂಗಿನ ತೋಟದಲ್ಲಿ ಹಾಗಾಗುವುದಿಲ್ಲ ಎಂಬುದೇ ಅಚ್ಚರಿ. ಒಂದು ತೋಟದಲ್ಲಿ ಒಂದು ವಾರ ಬಹುತೇಕ ಎಲ್ಲವೂ ಹುಳುಗಳೇ, ಕೆಲವು ವಾರ ಕಳೆದು ನೋಡಿದರೆ ಬಹುತೇಕ ಎಲ್ಲವೂ ಕೋಶಗಳೇ. ಸುಮಾರು ಎರಡು ತಿಂಗಳಿಗೊಮ್ಮೆ ಈ ಚಕ್ರ ಮರಳುತ್ತದೆ. ಶ್ರೀಲಂಕಾದ ತೋಟಗಳಲ್ಲಿ ಕಂಡ ಈ ನಡಾವಳಿಯನ್ನು ಬೆಂಗಳೂರಿನ ಸಂಶೋಧಕರು ಕರ್ನಾಟಕದ ತೋಟಗಳಲ್ಲಿಯೂ ದಾಖಲಿಸಿದ್ದಾರೆ.

1987ರಲ್ಲಿ ಚಾರ್ಲ್ಸ್ ಗಾಡ್‌ಫ್ರೆ ಮತ್ತು ಮೈಕೆಲ್ ಹ್ಯಾಸೆಲ್ ಎಂಬ ಬ್ರಿಟಿಷ್ ಪರಿಸರ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೊಂದು ಗಣಿತದ ವಿವರಣೆ ಕೊಟ್ಟರು. ಋತುಗಳು ಮಾಡದ ಕೆಲಸವನ್ನು ಉಷ್ಣವಲಯದಲ್ಲಿ ವೈರಿಗಳೇ ಮಾಡಬಹುದು ಎಂಬುದು ಅವರ ವಾದದ ತಿರುಳು. ಹುಳುಗಳ ಒಂದು ದೊಡ್ಡ ತಂಡ ಬಂದಾಗ ಅದರ ಮೇಲೆ ಮೊಟ್ಟೆಯಿಟ್ಟ ಕಣಜಗಳ ಸಂತಾನ ಸ್ವಲ್ಪ ಕಾಲದ ಮೇಲೆ ಹೊರಬರುತ್ತದೆ. ಅಷ್ಟರಲ್ಲಿ ದೊಡ್ಡ ತಂಡ ಕೋಶವಾಗಿ, ಪತಂಗವಾಗಿ ಕೈತಪ್ಪಿರುತ್ತದೆ. ಆಗ ತೋಟದಲ್ಲಿ ಹುಳುವಿನ ರೂಪದಲ್ಲಿ ಉಳಿದಿರುವುದು ಹಿಂದುಳಿದ ಅಥವಾ ಮುಂದೋಡಿದ ಕೆಲವೇ ಕೆಲವು. ಹೊಸ ಕಣಜಗಳ ಹಿಂಡು ಅವುಗಳ ಮೇಲೆ ಎರಗಿ ಗುಡಿಸಿಹಾಕುತ್ತದೆ. ಹೀಗೆ ಅಂಚಿನಲ್ಲಿರುವವು ಅಳಿಯುತ್ತ, ನಡುವಿನ ತಂಡ ಮಾತ್ರ ಮುಂದುವರಿಯುತ್ತದೆ. ಕಣಜದ ಬೆಳವಣಿಗೆಯ ಅವಧಿ ಹುಳುವಿನ ಅವಧಿಯ ಅರ್ಧದಷ್ಟಿದ್ದಾಗ ಈ ಪರಿಣಾಮ ಎದ್ದು ಕಾಣುತ್ತದೆಂದು ಅವರ ಲೆಕ್ಕ ತೋರಿಸಿತು. ಗೋನಿಯೋಜಸ್‌ನ ಅವಧಿ ಅದಕ್ಕಿಂತ ಚಿಕ್ಕದು, ಎರಡು ವಾರದ ಆಸುಪಾಸಿನದು; ಹಾಗಾಗಿ ನಮ್ಮ ತೋಟಗಳ ತಾಳವನ್ನೆಲ್ಲ ಅದೊಂದರ ತಲೆಗೆ ಕಟ್ಟುವಂತಿಲ್ಲ. ಬ್ರಾಕಾನ್, ಬ್ರಾಕಿಮೇರಿಯಾ ಮುಂತಾದ ಬೇರೆ ಕಣಜಗಳೂ ಅಲ್ಲಿವೆ.

ಕಾರಣ ಏನೇ ಇರಲಿ, ತೋಟದವರಿಗೆ ಇದರ ಅರ್ಥ ನೇರವಾದದ್ದು. ಗೋನಿಯೋಜಸ್‌ಗೆ ಬೇಕಾದದ್ದು ಬೆಳೆದ ಹುಳು. ತೋಟದಲ್ಲಿ ಎಲ್ಲೆಲ್ಲೂ ಕೋಶಗಳೇ ಇರುವ ವಾರದಲ್ಲಿ ಅದನ್ನು ಬಿಟ್ಟರೆ, ಊಟಕ್ಕೆ ಕರೆದು ಎಲೆ ಹಾಕದೆ ಕಳುಹಿಸಿದ ಹಾಗೆ. ಪಕ್ಕದ ಊರಿನ ಹುಳು ಬೇರೆ ಹಂತದಲ್ಲಿರಬಹುದಾದ್ದರಿಂದ ಇಡೀ ತಾಲ್ಲೂಕಿಗೆ ಒಂದೇ ದಿನಾಂಕವನ್ನು ಸಾರುವುದೂ ಪ್ರಯೋಜನಕ್ಕೆ ಬಾರದು. ನಾಲ್ಕು ಮರದಿಂದ ನಾಲ್ಕು ಗರಿ ಇಳಿಸಿ, ಸುರಂಗ ಬಿಡಿಸಿ, ಒಳಗಿರುವುದು ಹುಳುವೋ ಕೋಶವೋ ಎಂದು ಎಣಿಸಿದ ಮೇಲೆಯೇ ಕಣಜವನ್ನು ತರಬೇಕು. ಕಣಜವನ್ನೂ ಬಾಟಲಿಯ ಔಷಧದಂತೆ ಕಂಡು, ಇಷ್ಟು ಎಕರೆಗೆ ಇಷ್ಟು ಎಂದು ಹಂಚಿ ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮ ಕೃಷಿ ವಿಸ್ತರಣೆಯಲ್ಲಿ ಬೇರೂರಿದೆ ಎಂದೇ ನನ್ನ ಅನಿಸಿಕೆ.

ಚಿಕ್ಕಬಳ್ಳಾಪುರ ಮತ್ತು ಕೋಲಾರದ ರೇಷ್ಮೆ ಸೀಮೆಗೆ ಬಂದರೆ ಪ್ರಶ್ನೆ ಬೇರೆ ರೂಪ ತಾಳುತ್ತದೆ. ಹಿಪ್ಪುನೇರಳೆ ಸೊಪ್ಪಿಗೆ ಔಷಧ ಹೊಡೆದರೆ ಆ ಸೊಪ್ಪನ್ನು ತಿನ್ನುವುದೂ ಒಂದು ಹುಳುವೇ. ಕೀಟನಾಶಕದ ಅಲ್ಪ ಶೇಷವೂ ರೇಷ್ಮೆಹುಳುವನ್ನು ಕೊಲ್ಲಬಲ್ಲದು. ಇಂಥ ಬೆಳೆಯ ಮೇಲೆ ಬಂದೆರಗಿದ್ದು ಪಪ್ಪಾಯಿ ಹಿಟ್ಟು ತಿಗಣೆ. ಮೆಕ್ಸಿಕೋ ಮೂಲದ ಈ ಕೀಟಕ್ಕೆ ಪ್ಯಾರಕೋಕಸ್ ಮಾರ್ಜಿನೇಟಸ್ ಎಂಬ ಹೆಸರಿಟ್ಟು ವರ್ಣಿಸಿದ್ದು 1992ರಲ್ಲಿ. ಭಾರತದಲ್ಲಿ ಇದು ಮೊದಲು ಕಾಣಿಸಿದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಎರಡು ವರ್ಷದೊಳಗೆ ಪಪ್ಪಾಯಿ, ಮರಗೆಣಸು, ಹಿಪ್ಪುನೇರಳೆಗಳ ಮೇಲೆ ಹಬ್ಬಿ ಕರ್ನಾಟಕಕ್ಕೂ ದಾಟಿತು. ಮೈಮೇಲಿನ ಮೇಣದ ಹಿಟ್ಟು ಔಷಧವನ್ನು ಒಳಗೆ ಬಿಡುವುದಿಲ್ಲ; ಹೊಡೆದ ಔಷಧ ಕೊಲ್ಲುತ್ತಿದ್ದದ್ದು ಹೆಚ್ಚಾಗಿ ಗುಲಗಂಜಿ ಹುಳುವಿನಂಥ ಉಪಕಾರಿಗಳನ್ನೇ.

ಬೆಂಗಳೂರಿನ ಹೆಬ್ಬಾಳದಲ್ಲಿರುವ, ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎಂದು ಕರೆಯಲಾಗುವ ಸಂಸ್ಥೆ 2010ರಲ್ಲಿ ಪೋರ್ಟೊರಿಕೋದಿಂದ ಮೂರು ಜಾತಿಯ ಕಣಜಗಳನ್ನು ತರಿಸಿಕೊಂಡು, ಕ್ವಾರಂಟೈನ್‌ನಲ್ಲಿ ಪರೀಕ್ಷಿಸಿ ಹೊರಬಿಟ್ಟಿತು. ಕಣಜಕ್ಕೆ ಉಣ್ಣಲು ಹಿಟ್ಟು ತಿಗಣೆ ಬೇಕು, ತಿಗಣೆಗೆ ಗಿಡ ಬೇಕು. ಅದಕ್ಕೆ ಒದಗಿದ್ದು ಮೊಳಕೆಯೊಡೆದ ಆಲೂಗಡ್ಡೆ. ಮೂರರಲ್ಲಿ ಅಸೆರೋಫೇಗಸ್ ಪಪಾಯೆ ಎಂಬ, ಒಂದು ಮಿಲಿಮೀಟರಿಗೂ ಚಿಕ್ಕದಾದ ಹಳದಿ ಕಣಜ ಎಲ್ಲಕ್ಕಿಂತ ಚೆನ್ನಾಗಿ ನೆಲೆಯೂರಿತು. ತಿಂಗಳುಗಳೊಳಗೆ ತಿಗಣೆಯ ಹಾವಳಿ ಇಳಿದುಹೋಯಿತು. ಇಲ್ಲಿ ನಿರ್ಣಾಯಕವಾದದ್ದು ತೋಟದ ಕಾಲಗಣನೆಗಿಂತ ಮುಂಚಿನ ಒಂದು ಕೆಲಸ: ಕೀಟದ ಸರಿಯಾದ ಗುರುತು. ಹಿಪ್ಪುನೇರಳೆಯ ಎಲೆ ಮುರುಟಿಸುವ ಟುಕ್ರಾ ರೋಗ ತರುವ ಹಳೆಯ ಗುಲಾಬಿ ಹಿಟ್ಟು ತಿಗಣೆಯೂ ಕಣ್ಣಿಗೆ ಇಂಥದೇ ಬಿಳಿಯ ಹಿಟ್ಟು. ಆದರೆ ಅದರ ವೈರಿ ಬೇರೆ, ಇದರ ವೈರಿ ಬೇರೆ. ಗಾಜಿನ ಪಟ್ಟಿಯ ಮೇಲೆ ಕೀಟವನ್ನಿಟ್ಟು ರೋಮರಂಧ್ರಗಳನ್ನು ಎಣಿಸಿ ಜಾತಿ ನಿರ್ಧರಿಸುವ ವರ್ಗೀಕರಣ ವಿಜ್ಞಾನಿಯನ್ನು ನಾವು ಯಾವ ಸನ್ಮಾನ ಸಮಾರಂಭಕ್ಕೂ ಕರೆಯುವುದಿಲ್ಲ.

ಇದೇ ಸೀಮೆಯ ಹುಳು ಮನೆಗಳಲ್ಲಿ ಆಟ ತಿರುಗಾಮುರುಗಾ ಆಗುತ್ತದೆ. ಊಜಿ ನೊಣ ರೇಷ್ಮೆಹುಳುವಿಗೆ ಮಾಡುವುದು, ಗೋನಿಯೋಜಸ್ ಕಪ್ಪುತಲೆ ಹುಳುವಿಗೆ ಮಾಡುವಂಥದನ್ನೇ. ಹುಳುವಿನ ಮೈಮೇಲೆ ಮೊಟ್ಟೆ, ಮೊಟ್ಟೆಯಿಂದ ಬಂದ ಮರಿ ಒಳಗೆ ಹೊಕ್ಕ ಜಾಗದಲ್ಲಿ ಒಂದು ಕಪ್ಪು ಚುಕ್ಕೆ, ಕೊನೆಗೆ ತೂತು ಬಿದ್ದ, ನೂಲು ಬಿಚ್ಚಲು ಬಾರದ ಗೂಡು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ರೀಲರ್ ಮೊದಲು ಕಣ್ಣಾಡಿಸುವ ದೋಷಗಳಲ್ಲಿ ಇದೂ ಒಂದು. 1980ರಲ್ಲಿ ಕರ್ನಾಟಕಕ್ಕೆ ಬಂದ ಈ ನೊಣಕ್ಕೆ ಎದುರಾಳಿಯಾಗಿ ನೆಸೊಲಿಂಕ್ಸ್ ಥೈಮಸ್ ಎಂಬ ಕಣಜವನ್ನು ಬಳಸಲಾಗುತ್ತಿದೆ. ಅದು ಹುಡುಕುವುದು ನೊಣದ ಕೋಶವನ್ನು, ರೇಷ್ಮೆಹುಳುವನ್ನಲ್ಲ. ನೊಣದ ಮರಿಗಳು ಬಿರುಕುಗಳಲ್ಲಿ, ಕಸದಲ್ಲಿ ಅಡಗಿ ಕೋಶವಾಗುವ ಹೊತ್ತಿಗೆ ಸರಿಯಾಗಿ ಕಣಜದ ಚೀಲಗಳನ್ನು ಹುಳು ಮನೆಯಲ್ಲಿಯೂ ಹುಳು ಗೂಡು ಕಟ್ಟುವ ತಟ್ಟೆಗಳಾದ ಚಂದ್ರಿಕೆಗಳ ಬಳಿಯೂ ಕಟ್ಟಬೇಕು. ಗೂಡು ಬಿಡಿಸಿದ ಮೇಲೆ ಕಸದ ರಾಶಿಯ ಹತ್ತಿರ ಇಡಬೇಕು. ಮತ್ತೆ ಅದೇ ಪಂಚಾಂಗದ ಮಾತು.

ಮರಗಳ ವಿಷಯದಲ್ಲಿ ಒಂದು ವಿಚಿತ್ರ. ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದಲ್ಲಿ ನೆಟ್ಟ ನೀಲಗಿರಿಯ ಸಂತತಿಯೇ ಮುಂದೆ ‘ಮೈಸೂರು ಗಮ್’ ಎಂಬ ಹೆಸರಿನಿಂದ ದೇಶದ ಉದ್ದಗಲಕ್ಕೆ ಹಬ್ಬಿತು. 2000ದ ದಶಕದಲ್ಲಿ ದಕ್ಷಿಣ ಭಾರತಕ್ಕೆ ಬಂದ ಲೆಪ್ಟೊಸೈಬಿ ಇನ್ವೇಸಾ ಎಂಬ ಕಣಜ ಅದರ ಎಲೆ ಮತ್ತು ತೊಟ್ಟುಗಳಲ್ಲಿ ಗಂಟುಗಳನ್ನು ಎಬ್ಬಿಸಿತು. ಇಲ್ಲಿ ಕಣಜವೇ ಪೀಡೆ! ಅದರ ಮೇಲೆ ಎರಗುವ ಮತ್ತೊಂದು ಕಣಜವನ್ನು ಕರ್ನಾಟಕದಲ್ಲಿಯೇ ಗುರುತಿಸಿ ಮೆಗಾಸ್ಟಿಗ್ಮಸ್ ಧಾರವಾಡಿಕಸ್ ಎಂದು ಹೆಸರಿಟ್ಟರು. ಆದರೆ ಈ ಮರ ಅಂತರ್ಜಲ ಹೀರುತ್ತದೆಂದು ಕೊಳವೆಬಾವಿಯ ಆಳ ನೋಡಿ ನಿಟ್ಟುಸಿರಿಡುವ ಕೋಲಾರದ ರೈತರಲ್ಲಿ ನೀಲಗಿರಿಗೆ ಬಂದ ಆಪತ್ತಿಗೆ ಮರುಗಿದವರು ಹೆಚ್ಚಿರಲಾರರು. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ತಿರುಗಿ ತೆಂಗಿಗೆ ಬರೋಣ. 2016ರಲ್ಲಿ ಪೊಳ್ಳಾಚಿಯಲ್ಲಿ ಮೊದಲು ಕಂಡುಬಂದ ರುಗೋಸ್ ಬಿಳಿನೊಣ ಈಗ ನಮ್ಮ ತೋಟಗಳಲ್ಲಿಯೂ ಇದೆ. ಗರಿಯ ಅಡಿಯಲ್ಲಿ ಬಿಳಿಯ ಸುರುಳಿಗಳು, ಕೆಳಗಿನ ಎಲೆಗಳ ಮೇಲೆ ಅಂಟುಸಿಹಿ, ಅದರ ಮೇಲೆ ಮಸಿಯಂಥ ಕಪ್ಪು ಬೂಷ್ಟು. ಇದರ ವೈರಿಯನ್ನು ಯಾರೂ ತರಿಸಬೇಕಾಗಲಿಲ್ಲ. ಇದಕ್ಕೂ ಮುಂಚೆ ಬಂದಿದ್ದ ಮತ್ತೊಂದು ಸುರುಳಿ ಬಿಳಿನೊಣದ ಬೆನ್ನಿಗೇ ಬಂದು ನೆಲೆಸಿದ್ದ ಎನ್‌ಕಾರ್ಸಿಯಾ ಗ್ವಾಡಲೂಪೆ ಎಂಬ ಕಣಜ ಈ ಹೊಸ ನೊಣದ ಮೇಲೂ ಎರಗಿತು. ಆದ್ದರಿಂದ ಮಸಿ ಕಂಡೊಡನೆ ಪಂಪು ಹೆಗಲಿಗೇರಿಸುವ ಮುನ್ನ ಒಂದು ಗರಿಯನ್ನು ಇಳಿಸಿ, ಕೈಮಸೂರದಲ್ಲಿ ಅದರ ಅಡಿಭಾಗವನ್ನು ನೋಡಬೇಕು. ಬಿಳಿನೊಣವೇ ಹೊರಬಂದ ಚಿಪ್ಪಿನಲ್ಲಿ ಇಂಗ್ಲಿಷಿನ ‘ಟಿ’ ಅಕ್ಷರದ ಹಾಗೆ ಸೀಳಿರುತ್ತದೆ. ಕಣಜ ಹೊರಬಂದದ್ದಾದರೆ ದಬ್ಬಳದಿಂದ ಚುಚ್ಚಿದಂತೆ ದುಂಡನೆಯ ತೂತಿರುತ್ತದೆ. ದುಂಡು ತೂತುಗಳೇ ಹೆಚ್ಚಾಗಿದ್ದರೆ ಪಂಪನ್ನು ಕೆಳಗಿಳಿಸಿ, ಆ ಗರಿಯನ್ನು ಸುಡದೆ, ಬಿಳಿನೊಣ ಹೆಚ್ಚಿರುವ ಪಕ್ಕದ ತೋಟದ ಮರಕ್ಕೆ ಕಟ್ಟಿ ಬರಬಹುದು.